ಯಾರೂ ನೋಡ್ಲಿಲ್ಲ ತಾನೇ?

ನಡೆದು ಹೋಗುತ್ತಿರುವ ಮನುಷ್ಯ ಎಡವಿದರೆ ಮೊದಲು ಏನು ಮಾಡುತ್ತಾನೆ? ಕಾಲು ನೋಡಿಕೊಳ್ಳುವುದಿಲ್ಲ. ಬೆರಳಿಗೆ ಪೆಟ್ಟಾಯಿತಾ, ಚಪ್ಪಲಿ ಕಿತ್ತಿತಾ ಎಂಬುದೆಲ್ಲ ಆಮೇಲಿನ ವಿಚಾರ. ಮೊದಲು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕಣ್ಣು ಹಾಯಿಸುತ್ತಾನೆ. ಯಾರೂ ನೋಡ್ಲಿಲ್ಲ ತಾನೇ? ನೋಡಿಲ್ಲ ಅಂತ ಖಾತ್ರಿಯಾದ ಮೇಲೆ ನೋವು ಶುರುವಾಗುತ್ತದೆ. ಯಾರಾದರೂ ನೋಡಿದ್ದರೆ ನೋವಿಗೆ ಸದ್ಯಕ್ಕೆ ರಜೆ. ಮುಂದಿನ ತಿರುವು ದಾಟುವ ತನಕ ಅದನ್ನು ಹಲ್ಲು ಕಚ್ಚಿ ತಡೆದಿಟ್ಟುಕೊಳ್ಳಬೇಕು.

ಆಮೇಲೆ ಎರಡನೇ ಅಂಕ. ತಿರುಗಿ ನೆಲವನ್ನು ನೋಡುವುದು. ಸುಮ್ನೆ ನೋಡುವುದಲ್ಲ, ದುರುಗುಟ್ಟಿ ನೋಡುವುದು. ಅಲ್ಲೊಂದು ಕಲ್ಲೋ ಗುಂಡಿಯೋ ಇದ್ದರೆ ಬಚಾವ್. ಏನೂ ಇಲ್ಲದ ನುಣ್ಣಗಿನ ನೆಲವಾದರೂ ಬಿಡುವ ಹಾಗಿಲ್ಲ. ಹುಬ್ಬು ಗಂಟು ಹಾಕಿ, 'ಯಾರಪ್ಪಾ ಇಲ್ಲಿ ನೆಲ ಹಾಕಿದ್ದು' ಎಂಬ ಮುಖ ಮಾಡಿ ಮುಂದೆ ಹೋಗಬೇಕು. ಕುಣಿಯಲಾರದವಳು ನೆಲ ಡೊಂಕು ಅಂದಳು ಎಂಬ ಗಾದೆ ಕಟ್ಟಿದವರು ಇದನ್ನೆಲ್ಲ ಹತ್ತಿರದಿಂದ ನೋಡಿರಬೇಕು. ಪಾಪ, ಕುಣಿಯುವವಳನ್ನು ಮಾತ್ರ ಯಾಕೆ ಹಿಡಿದರೋ. ನಡೆಯಲು ಬಾರದವರು ಹೇಳುವುದೂ ಅದನ್ನೇ.

ಎರ್ವಿಂಗ್ ಗಾಫ್‌ಮನ್ ಎಂಬ ಸಮಾಜಶಾಸ್ತ್ರಜ್ಞರು ಇಂಥದ್ದನ್ನೇ ನೋಡುತ್ತ ಜೀವಮಾನ ಕಳೆದರು. ದಾರಿಯಲ್ಲಿ ಎದುರು ಬದುರಾದ ಜನ ಕಣ್ಣು ಎಲ್ಲಿಡುತ್ತಾರೆ, ನಾಲ್ಕು ಜನರ ಮುಂದೆ ಮರ್ಯಾದೆ ಹೇಗೆ ಕಾಪಾಡಿಕೊಳ್ಳುತ್ತಾರೆ, ಇದೇ ಅವರ ಕಸುಬು. 1978ರಲ್ಲಿ ಅವರು ಒಂದು ಇಡೀ ಲೇಖನವನ್ನು ನಾವು ಎಡವಿದಾಗ, ಕೈಯಲ್ಲಿದ್ದದ್ದು ಜಾರಿದಾಗ ಬಾಯಿಂದ ಬರುವ ಚಿಕ್ಕ ಚಿಕ್ಕ ಉದ್ಗಾರಗಳಿಗೆ ಮೀಸಲಿಟ್ಟರು. ಅವು ತಾವಾಗಿ ಬರುತ್ತವೆ ಅಂತ ನಾವು ಅಂದುಕೊಂಡಿದ್ದೇವೆ. ಅವರ ಪ್ರಕಾರ ಆ 'ಅಯ್ಯೋ' ಹೊರಡುವುದೇ ಸುತ್ತ ಇರುವವರ ಕಿವಿಗೆ ಬೀಳಲಿ ಅಂತ. 'ಜಾರಿದ್ದು ನನಗೂ ಗೊತ್ತಾಯಿತು ಸ್ವಾಮೀ, ನಾನು ದಿನಾ ಹೀಗಲ್ಲ' ಎಂಬ ಪ್ರಕಟಣೆ ಅದು. ಯೋಚಿಸಿದರೆ ಹೌದಲ್ಲ ಅನಿಸುತ್ತದೆ. ಕೋಣೆಯಲ್ಲಿ ಒಬ್ಬರೇ ಇದ್ದಾಗ ಪೆನ್ನು ಕೆಳಗೆ ಬಿದ್ದರೆ ಯಾರು 'ಅಯ್ಯೋ' ಅನ್ನುತ್ತಾರೆ? ಸುಮ್ನೆ ಎತ್ತಿಕೊಳ್ಳುತ್ತೇವೆ. ಬಗ್ಗುವುದಕ್ಕೂ ಬೇಜಾರಾದರೆ ಕಾಲಲ್ಲೇ ಹತ್ತಿರ ಎಳೆದುಕೊಳ್ಳುತ್ತೇವೆ.

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂದರೆ ಎಲ್ಲರೂ ಜಟ್ಟಿಯನ್ನು ನೋಡಿ ನಗುತ್ತಾರೆ. ನನಗೆ ಆ ಜಟ್ಟಿಯ ಮೇಲೆ ಪ್ರೀತಿ ಜಾಸ್ತಿ. ಬಿದ್ದ ಮೇಲೂ ಅವನಿಗೆ ಒಂದು ಕೆಲಸ ಬಾಕಿ ಇತ್ತು, ಅದನ್ನು ಬಿಡದೆ ಮಾಡಿದ. ಹರೆಯದಲ್ಲಿ ಎಲ್ಲರೂ ಬೆಳಗಿಂದ ರಾತ್ರಿವರೆಗೆ ಮಾಡುವುದು ಅದೇ ಕೆಲಸ. ಕುಸ್ತಿ ಮಾತ್ರ ಇರುವುದಿಲ್ಲ. ಎಷ್ಟೋ ಜನರಿಗೆ ಮೀಸೆಯೂ ಇನ್ನೂ ಸರಿಯಾಗಿ ಬಂದಿರುವುದಿಲ್ಲ.

ಈ ವಯಸ್ಸಿನಲ್ಲೇ ಇದು ಯಾಕೆ ಇಷ್ಟು ಜೋರು? ಡೇವಿಡ್ ಎಲ್‌ಕೈಂಡ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1967ರಲ್ಲಿ ಇದಕ್ಕೊಂದು ಕಾರಣ ಹೇಳಿದರು. ಹದಿಹರೆಯದವರು ತಲೆಯೊಳಗೆ ಒಂದು ಪ್ರೇಕ್ಷಕರ ಗುಂಪನ್ನು ಕೂರಿಸಿಕೊಂಡು ತಿರುಗುತ್ತಾರಂತೆ. ಬೇರೆಯವರ ಮನಸ್ಸಿನಲ್ಲಿ ಏನಿದೆ ಅಂತ ಊಹಿಸುವ ಶಕ್ತಿ ಆಗ ತಾನೇ ಬಲಿಯುತ್ತಿರುತ್ತದೆ. ಆದರೆ ತನ್ನ ತಲೆಯಲ್ಲಿ ಸದಾ ಓಡುತ್ತಿರುವುದು ತನ್ನ ಮೂಗು, ತನ್ನ ಕೂದಲು, ತನ್ನ ಮೊಡವೆ. ಹಾಗಾಗಿ ಎದುರಿಗಿರುವವರ ತಲೆಯಲ್ಲೂ ತನ್ನ ಮೊಡವೆಯೇ ಓಡುತ್ತಿರಬೇಕು ಎಂಬ ಲೆಕ್ಕ. ಅವರು ಇನ್ನೂ ಒಂದು ಮಾತು ಹೇಳಿದ್ದಾರೆ. ಈ ವಯಸ್ಸಿನವರು ಒಂದು ಕಡೆ ಸೇರಿದರೆ ಅಲ್ಲಿ ಪ್ರತಿಯೊಬ್ಬರೂ ತಮ್ಮ ಮಟ್ಟಿಗೆ ನಟರು, ಉಳಿದವರಿಗೆ ಪ್ರೇಕ್ಷಕರು. ಎಲ್ಲರೂ ವೇದಿಕೆ ಹತ್ತಿ ನಿಂತಿದ್ದಾರೆ, ಕುರ್ಚಿಗಳೆಲ್ಲ ಖಾಲಿ. ಆದರೂ ಬೆವರು ಮಾತ್ರ ಎಲ್ಲರ ಅಂಗೈಯಲ್ಲೂ. ವಯಸ್ಸಾಗುತ್ತ ಆಗುತ್ತ ಈ ಪ್ರೇಕ್ಷಕರು ಎದ್ದು ಹೋಗುತ್ತಾರೆ ಅಂತಲೂ ಅವರು ಬರೆದರು. ಪೂರ್ತಿ ಹೋಗುತ್ತಾರೆ ಅಂತ ನನಗೇನೂ ಅನಿಸುವುದಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬಿಬ್ಬರು ಕೂತೇ ಇರುತ್ತಾರೆ.

ಈ ನಾಟಕಗಳಲ್ಲೆಲ್ಲ ನನಗೆ ಬಹಳ ಇಷ್ಟವಾದದ್ದು ಹಿಂದಕ್ಕೆ ತಿರುಗುವ ನಾಟಕ. ನಡೆಯುತ್ತ ನಡೆಯುತ್ತ ಗೊತ್ತಾಗುತ್ತದೆ, ಬರಬೇಕಾದ ದಾರಿ ಇದಲ್ಲ. ತಿರುಗಬೇಕು. ತಿರುಗಿದರಾಯಿತು, ಅಲ್ವಾ? ನಾಯಿ ಹಾಗೇ ಮಾಡುತ್ತದೆ. ನಡೆಯುತ್ತಿರುತ್ತದೆ, ನಿಲ್ಲುತ್ತದೆ, ತಿರುಗುತ್ತದೆ, ಹೋಗುತ್ತದೆ. ಯಾರಿಗೂ ಲೆಕ್ಕ ಕೊಡುವುದಿಲ್ಲ. ಹತ್ತೊಂಬತ್ತು ವರ್ಷದ ಹುಡುಗನಿಗೆ ಆ ಭಾಗ್ಯ ಇಲ್ಲ. ಅವನು ಕಾರಣವಿಲ್ಲದೆ ತಿರುಗುವಂತಿಲ್ಲ. ಕಾರಣ ಇದೆ, ದಾರಿ ತಪ್ಪಿದೆ, ಆದರೆ ಅದು ಹೇಳಿಕೊಳ್ಳುವ ಕಾರಣ ಅಲ್ಲ. ಆದ್ದರಿಂದ ಮೊದಲು ನಡಿಗೆ ನಿಧಾನವಾಗುತ್ತದೆ. ಕೈ ಜೇಬಿಗೆ ಹೋಗುತ್ತದೆ. ಫೋನ್ ಹೊರಗೆ ಬರುತ್ತದೆ. ಪರದೆಯನ್ನು ನೋಡಿ ಮುಖದಲ್ಲಿ ಒಂದು ಆಶ್ಚರ್ಯ ತಂದುಕೊಳ್ಳಬೇಕು. ದೂರದಿಂದ ಯಾವುದೋ ಮುಖ್ಯವಾದ ಸುದ್ದಿ ಬಂದಿದೆ, ಇವನು ಹೋಗದೆ ಇದ್ದರೆ ಆ ಕೆಲಸ ನಡೆಯುವುದಿಲ್ಲ, ಆ ಮಟ್ಟದ ಆಶ್ಚರ್ಯ. ಆಮೇಲೆ 'ಛೆ' ಅಂತ ಸಣ್ಣಗೆ ತಲೆ ಕೊಡವಿ ಗಿರಕ್ಕನೆ ತಿರುಗಬೇಕು. ತಿರುಗಿದ ಮೇಲೆ ಮೊದಲಿಗಿಂತ ವೇಗವಾಗಿ ನಡೆಯುವುದು ಕಡ್ಡಾಯ.

ಫೋನ್ ತೆಗೆಯುವಷ್ಟು ವ್ಯವಧಾನ ಇಲ್ಲದವರು ಹಣೆ ಚಚ್ಚಿಕೊಳ್ಳುತ್ತಾರೆ. ಇನ್ನು ಕೆಲವರು ಜೇಬು ಮುಟ್ಟಿ ನೋಡಿಕೊಂಡು ಕೀಲಿ ಮರೆತವರಾಗುತ್ತಾರೆ. ಸ್ವಲ್ಪ ಹಳೆಯ ಕಾಲದವರು ಕೈಗಡಿಯಾರ ನೋಡುತ್ತಾರೆ, ಅದರಲ್ಲಿ ದಿಕ್ಕು ಬರೆದಿರುತ್ತದೆ ಎಂಬಂತೆ. ಇವರೆಲ್ಲರಿಗಿಂತ ದೊಡ್ಡ ಕಲಾವಿದರು ಬೇರೆ ಇದ್ದಾರೆ. ಅವರು ತಿರುಗುವುದೇ ಇಲ್ಲ. ತಪ್ಪು ದಾರಿಯಲ್ಲೇ ನೆಟ್ಟಗೆ ಹೋಗಿ, ಸಿಕ್ಕ ಮೊದಲ ತಿರುವಿನಲ್ಲಿ ಹೊರಳಿ, ಆಮೇಲೆ ಇನ್ನೊಂದು ತಿರುವು, ಮತ್ತೊಂದು ತಿರುವು, ಹೀಗೆ ಒಂದು ಸುತ್ತು ಹಾಕಿ ಮೊದಲಿದ್ದ ಜಾಗಕ್ಕೇ ಬರುತ್ತಾರೆ. ಕಾಲು ನೋಯುತ್ತದೆ, ಹೊತ್ತಾಗುತ್ತದೆ, ಕಾಯುತ್ತಿದ್ದವರು ಬೈಯುತ್ತಾರೆ. ಆದರೆ 'ಇವನಿಗೆ ದಾರಿ ಗೊತ್ತಿರಲಿಲ್ಲ' ಅಂತ ಆ ರಸ್ತೆಯಲ್ಲಿ ಒಂದು ನರಪಿಳ್ಳೆಗೂ ತಿಳಿಯುವುದಿಲ್ಲ.

ಫೋನ್ ಇಲ್ಲದ ಕಾಲದಲ್ಲಿ ಜನ ಮುಜುಗರವನ್ನು ಎಲ್ಲಿ ಬಚ್ಚಿಡುತ್ತಿದ್ದರೋ. ಈಗಂತೂ ಅದೇ ಎಲ್ಲಕ್ಕೂ ಆಸರೆ. ಗುರುತಿಲ್ಲದವರ ನಡುವೆ ಒಬ್ಬರೇ ನಿಂತಿರಬೇಕಾದಾಗ ಹರೆಯದವರ ಬೆರಳುಗಳನ್ನು ಗಮನಿಸಿ. ಸಂದೇಶ ಓದಿ ಮುಗಿದಿರುತ್ತದೆ. ಹೊಸದೇನೂ ಬಂದಿರುವುದಿಲ್ಲ. ಪರದೆಯನ್ನು ಎಡಕ್ಕೆ ತಳ್ಳುತ್ತಾರೆ, ಬಲಕ್ಕೆ ತಳ್ಳುತ್ತಾರೆ, ಮತ್ತೆ ಎಡಕ್ಕೆ. ಹವಾಮಾನ ನೋಡುತ್ತಾರೆ, ತಾವು ಅದೇ ಹವಾಮಾನದಲ್ಲಿ ನಿಂತಿದ್ದರೂ. ಕ್ಯಾಲ್ಕುಲೇಟರ್ ತೆರೆದು ಮುಚ್ಚುತ್ತಾರೆ. ಬ್ಯಾಟರಿ ಎಷ್ಟಿದೆ ಅಂತ ಬಹಳ ಗಂಭೀರವಾಗಿ ಪರೀಕ್ಷಿಸುತ್ತಾರೆ. ಸುಳ್ಳು ಕರೆಯಲ್ಲಿ ಮಾತಾಡುವವರನ್ನಂತೂ ತಕ್ಷಣ ಕಂಡುಹಿಡಿಯಬಹುದು. ಅವರ ಆ ಕಡೆಯ ವ್ಯಕ್ತಿ ತುಂಬಾ ಒಳ್ಳೆಯವನು. ಅರ್ಧ ಸೆಕೆಂಡಿನಲ್ಲಿ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸುತ್ತಾನೆ, ನಡುವೆ ಬಾಯಿ ಹಾಕುವುದಿಲ್ಲ, ಎಲ್ಲದಕ್ಕೂ ಒಪ್ಪುತ್ತಾನೆ. 'ಹೂಂ, ಹೂಂ, ಸರಿ, ಹಾಗೇ ಮಾಡು.' ನಿಜವಾದ ಕರೆಯಲ್ಲಿ ಇಂಥವರು ಯಾರಿಗೂ ಸಿಕ್ಕಿಲ್ಲ.

ಇದರಲ್ಲಿ ಫೋನಿನ ತಪ್ಪೇನೂ ಇಲ್ಲ, ಅದು ಹುಟ್ಟಿದ್ದೇ ಹೀಗೆ. 1973ರ ಏಪ್ರಿಲ್ 3ರಂದು ಮೊಟೊರೋಲಾದ ಎಂಜಿನಿಯರ್ ಮಾರ್ಟಿನ್ ಕೂಪರ್ ನ್ಯೂಯಾರ್ಕಿನ ರಸ್ತೆಯಲ್ಲಿ ನಿಂತು ಕೈಯಲ್ಲಿ ಹಿಡಿಯುವ ಮೊಬೈಲಿನಿಂದ ಮೊಟ್ಟಮೊದಲ ಕರೆ ಮಾಡಿದರು. ಸೆಟ್ ಒಂದು ಕಿಲೋಗಿಂತ ಜಾಸ್ತಿ ತೂಗುತ್ತಿತ್ತು. ಕರೆ ಹೋದದ್ದು ಯಾರಿಗೆ ಅಂದರೆ, ಅದೇ ಕೆಲಸದಲ್ಲಿ ಪೈಪೋಟಿಗಿದ್ದ ಬೆಲ್ ಲ್ಯಾಬ್ಸ್‌ನ ಜೋಯೆಲ್ ಎಂಗೆಲ್‌ಗೆ. ವಿಷಯ ಇಷ್ಟೇ: ನೋಡಪ್ಪಾ, ನಾನು ಮೊಬೈಲಿನಿಂದ ಮಾತಾಡುತ್ತಿದ್ದೇನೆ. ಅಂದರೆ ಜಗತ್ತಿನ ಮೊದಲ ಮೊಬೈಲ್ ಕರೆಯೇ ನಡುರಸ್ತೆಯಲ್ಲಿ ಒಂದು ಪ್ರದರ್ಶನ. ದಾರಿ ತಪ್ಪಿದ ನಮ್ಮ ಹುಡುಗ ಆ ಪರಂಪರೆಯನ್ನು ಮುಂದುವರಿಸಿಕೊಂಡು ಬಂದಿದ್ದಾನೆ ಅಷ್ಟೇ.

ಇನ್ನು ಉದ್ದನೆಯ ಕಾರಿಡಾರ್. ಆ ತುದಿಯಿಂದ ಪರಿಚಯದವರು ಬರುತ್ತಿದ್ದಾರೆ, ಈ ತುದಿಯಿಂದ ನಾವು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಯಾಗಿದೆ. ನಗಬೇಕು, ಸರಿ. ಆದರೆ ಯಾವಾಗ? ಈಗಲೇ ಶುರು ಮಾಡಿದರೆ ಹತ್ತಿರ ಬರುವಷ್ಟರಲ್ಲಿ ನಗು ಹಳಸಿ ಹೋಗುತ್ತದೆ. ಅಷ್ಟು ಹೊತ್ತು ಹಿಡಿದಿಟ್ಟ ನಗು ಕೊನೆಗೆ ಹಲ್ಲುನೋವಿನ ಲಕ್ಷಣದಲ್ಲಿ ಮುಗಿಯುತ್ತದೆ. ಅದಕ್ಕೇ ಇಬ್ಬರೂ ಏನೋ ಒಪ್ಪಂದವಾದವರ ಹಾಗೆ ಕಣ್ಣು ತಪ್ಪಿಸುತ್ತಾರೆ. ಒಬ್ಬರು ಗೋಡೆಯ ನೋಟಿಸನ್ನು ಓದುತ್ತಾರೆ. ಇನ್ನೊಬ್ಬರು ಚಾವಣಿಯಲ್ಲಿ ಏನೋ ಹೊಸದು ಕಂಡವರಾಗುತ್ತಾರೆ. ಸರಿಯಾಗಿ ನಾಲ್ಕು ಹೆಜ್ಜೆ ಇರುವಾಗ ಇಬ್ಬರೂ ತಲೆ ಎತ್ತಿ 'ಓ!' ಅನ್ನುತ್ತಾರೆ. ಎಂಥ 'ಓ' ಅದು! ಇಪ್ಪತ್ತು ವರ್ಷದ ಮೇಲೆ ಸಿಕ್ಕವರಿಗೂ ಅಷ್ಟು ಆಶ್ಚರ್ಯ ಇರುವುದಿಲ್ಲ. ಅದೇ ಕಾರಿಡಾರಿನಲ್ಲಿ ಹತ್ತು ನಿಮಿಷ ಬಿಟ್ಟು ಅದೇ ಜನ ಮತ್ತೆ ಎದುರಾದರೆ ಏನು ಮಾಡಬೇಕು ಎಂಬುದಕ್ಕೆ ಮನುಷ್ಯಕುಲ ಇನ್ನೂ ಉತ್ತರ ಕಂಡುಹಿಡಿದಿಲ್ಲ. ಹುಬ್ಬು ಎತ್ತುವುದು, ತುಟಿ ಒಳಗೆ ಮಡಚುವುದು, ಹೀಗೆ ಏನೇನೋ ನಡೆದಿದೆ. ಮೂರನೇ ಸಲ ಎದುರಾದರೆ ಕೆಲವರು ಯಾವುದಾದರೂ ಬಾಗಿಲು ತೆಗೆದು ಒಳಗೆ ಹೋಗಿಬಿಡುತ್ತಾರೆ, ಅದು ಯಾವ ಬಾಗಿಲು ಅಂತ ಕೂಡ ನೋಡದೆ.

ಬೀಳ್ಕೊಡುಗೆಯ ಕಥೆ ಇದಕ್ಕಿಂತ ಕಷ್ಟದ್ದು. ಅರ್ಧ ಗಂಟೆ ಮಾತಾಡಿ, ಕೈ ಕುಲುಕಿ, 'ಸರಿ ಹಾಗಾದ್ರೆ, ಸಿಗೋಣ' ಅಂತ ಮನಸಾರೆ ಹೇಳಿ ಹೊರಡುತ್ತೇವೆ. ನಾಲ್ಕು ಹೆಜ್ಜೆ ಆದ ಮೇಲೆ ನೋಡಿದರೆ ಇಬ್ಬರೂ ಒಂದೇ ದಿಕ್ಕಿಗೆ! ವಿದಾಯ ಮುಗಿದಿದೆ, ಮನುಷ್ಯ ಮುಗಿದಿಲ್ಲ. ಇನ್ನು ಮಾತಾಡಲು ಏನೂ ಉಳಿದಿಲ್ಲ, ಇದ್ದ ಒಳ್ಳೆಯ ಮಾತನ್ನೆಲ್ಲ ಖರ್ಚು ಮಾಡಿಯಾಗಿದೆ. 'ಓ, ನೀವೂ ಈ ಕಡೆಯಾ?' ಎಂಬುದೊಂದು ಸಿಗುತ್ತದೆ. ಆಮೇಲೆ ಮೌನ. ಚಪ್ಪಲಿಯ ಸದ್ದು. ಬುದ್ಧಿವಂತರು ಇಲ್ಲಿ ಬಗ್ಗಿ ಶೂ ಲೇಸ್ ಕಟ್ಟಿಕೊಳ್ಳುತ್ತಾರೆ. ಲೇಸೇ ಇಲ್ಲದ ಚಪ್ಪಲಿ ಹಾಕಿಕೊಂಡು ಬಗ್ಗಿದವರನ್ನೂ ನಾನು ನೋಡಿದ್ದೇನೆ. ಬಗ್ಗಿದ್ದಾಗಿದೆ, ಬರಿಗೈಲಿ ಏಳುವಂತಿಲ್ಲ. ಪಾದವನ್ನು ಒಂದು ಸಲ ತಟ್ಟಿ ಎದ್ದರು.

ಬೇರೆ ಯಾರಿಗೋ ಬೀಸಿದ ಕೈಗೆ ನಾವು ಕೈ ಬೀಸುವುದು, ಆ ಕೈ ಗಾಳಿಯಲ್ಲೇ ಮನಸ್ಸು ಬದಲಿಸಿ ತಲೆಗೂದಲು ಸರಿಮಾಡುವುದು, ಇದು ಎಲ್ಲರಿಗೂ ಗೊತ್ತಿರುವುದೇ. ಟಿಕೆಟ್ ನೋಡುವವರು 'ಹ್ಯಾಪಿ ಜರ್ನಿ' ಅಂದಾಗ 'ನಿಮಗೂ' ಅನ್ನುವುದೂ ಅಷ್ಟೇ. ಎದುರಿನವರು ಹೇಳಿದ್ದು ಮೊದಲ ಸಲ ಕೇಳಿಸಲಿಲ್ಲ, ಎರಡನೇ ಸಲ ಕೇಳಿಸಲಿಲ್ಲ, ಮೂರನೇ ಸಲ ಕೇಳಲು ಧೈರ್ಯ ಬರಲಿಲ್ಲ, ಕೊನೆಗೆ 'ಹೆಹ್ಹೆ, ಹೌದೌದು' ಅಂತ ನಕ್ಕದ್ದು, ಆಮೇಲೆ ನೋಡಿದರೆ ಅವರು ಕೇಳಿದ್ದು ಗಂಟೆ ಎಷ್ಟು ಅಂತ. ಇಂಥವುಗಳ ಮೇಲೆ ಜಾಸ್ತಿ ಹೊತ್ತು ನಿಲ್ಲುವುದು ಬೇಡ.

ನಿಲ್ಲಬೇಕಾದದ್ದು ಕಾರಿನ ಗಾಜಿನ ಮುಂದೆ. ನನ್ನ ಗೆಳೆಯನೊಬ್ಬ ಸಂದರ್ಶನಕ್ಕೆ ಹೊರಟಿದ್ದ. ನಾನು ಜೊತೆಗಿದ್ದೆ, ಸ್ವಲ್ಪ ಹಿಂದೆ. ರಸ್ತೆಯ ಪಕ್ಕ ಕಪ್ಪು ಗಾಜಿನ ಕಾರೊಂದು ನಿಂತಿತ್ತು. ಅವನಿಗೆ ಕನ್ನಡಿ ಸಿಕ್ಕಿತು. ಮೊದಲು ಕೂದಲು. ನಾಲ್ಕು ಬೆರಳಲ್ಲಿ ಹಿಂದಕ್ಕೆ ತಳ್ಳಿದ, ಬೇಡ ಅನಿಸಿತು, ಮುಂದಕ್ಕೆ ತಂದ. ಆಮೇಲೆ ಕಾಲರ್. ಆಮೇಲೆ ಮುಖವನ್ನು ಗಾಜಿನ ಹತ್ತಿರಕ್ಕೆ ಒಯ್ದು ತುಟಿ ಅಗಲಿಸಿ ಮೇಲಿನ ಹಲ್ಲು ನೋಡಿದ, ಕೆಳಗಿನ ಹಲ್ಲು ನೋಡಿದ, ನಾಲಿಗೆಯಿಂದ ಒಂದು ಸುತ್ತು ಸವರಿದ. ಒಂದು ಹೆಜ್ಜೆ ಹಿಂದೆ ಬಂದು ಗಂಭೀರ ಮುಖ ಮಾಡಿದ. ಅದು ಸ್ವಲ್ಪ ಜಾಸ್ತಿ ಆಯಿತು ಅನಿಸಿರಬೇಕು, ಸಣ್ಣ ನಗು ಸೇರಿಸಿದ. ಗಾಜಿಗೆ ಕೈ ಚಾಚಿ, 'ಗುಡ್ ಮಾರ್ನಿಂಗ್ ಸರ್' ಅಂದ.

ಗಾಜು ಇಳಿಯಿತು. ಒಮ್ಮೆಗೇ ಇಳಿದಿದ್ದರೆ ಚೆನ್ನಾಗಿತ್ತು. ಮೋಟಾರಿನ ಸಣ್ಣ ಸದ್ದಿನ ಜೊತೆ ನಿಧಾನಕ್ಕೆ ಇಳಿಯಿತು. ಮೊದಲು ಬೋಳುತಲೆ ಕಂಡಿತು, ಆಮೇಲೆ ಕನ್ನಡಕ, ಆಮೇಲೆ ಏನನ್ನೋ ಅಗಿಯುವುದನ್ನು ಅರ್ಧಕ್ಕೆ ನಿಲ್ಲಿಸಿದ ಬಾಯಿ. ಆ ಹಿರಿಯರು ಒಂದೇ ಮಾತು ಹೇಳಿದರು: 'ಟೈ ಸ್ವಲ್ಪ ಎಡಕ್ಕಿದೆ.' ನನ್ನ ಗೆಳೆಯ ಇಂಗು ತಿಂದ ಮಂಗನ ಹಾಗೆ ನಿಂತಿದ್ದ. ಆದರೂ ಕೈ ತಾನಾಗಿ ಟೈಗೆ ಹೋಯಿತು. ಅವರು ತಲೆ ವಾರೆ ಮಾಡಿ ನೋಡಿ, 'ಹಾಂ, ಈಗ ಸರಿ' ಅಂದರು. ಗಾಜು ಮತ್ತೆ ಅಷ್ಟೇ ನಿಧಾನಕ್ಕೆ ಮೇಲೇರಿತು. ಅದು ಪೂರ್ತಿ ಮುಚ್ಚುವ ತನಕ ಇವನು ಅಲ್ಲೇ ನಿಂತಿದ್ದ. ನಡುವೆ ಹೊರಟುಬಿಟ್ಟರೆ ಅಗೌರವ ಆಗುತ್ತದೆ ಅಂತ ಅನಿಸಿತಂತೆ.

ಇವನಿಗಾದರೂ ಗಾಜು ಇಳಿಯಿತು, ನಾಲ್ಕು ಮಾತಾಯಿತು. ಲಿಫ್ಟಿನಲ್ಲಿ ಒಬ್ಬರೇ ಸಿಕ್ಕಾಗ ಕುಣಿಯುವವರಿಗೆ ಅದೂ ಇಲ್ಲ. ಮೂಲೆಯಲ್ಲಿ ಪುಟ್ಟ ಕ್ಯಾಮೆರಾ ಇದೆ ಅಂತ ಹೊಳೆಯುವಾಗ ಅರ್ಧ ಕುಣಿತ ಮುಗಿದಿರುತ್ತದೆ. ಉಳಿದರ್ಧವನ್ನು ಬೆನ್ನುನೋವಿನ ವ್ಯಾಯಾಮದ ತರಹ ಮುಗಿಸಬೇಕು. ಆನ್‌ಲೈನ್ ಭೇಟಿಗಳು ಬಂದ ಮೇಲೆ ಈ ಕಲೆಗೆ ಹೊಸ ಹೊಸ ಸಂಕಟಗಳು. 2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ವಿಡಿಯೋ ಮೂಲಕ ನ್ಯಾಯಾಲಯದ ಕಲಾಪ ನಡೆಯುತ್ತಿತ್ತು. ವಕೀಲರೊಬ್ಬರು ಹಾಜರಾದರು. ಪರದೆಯ ಮೇಲೆ ಅವರ ಜಾಗದಲ್ಲಿ ಒಂದು ಬಿಳಿ ಬೆಕ್ಕಿನ ಮರಿ. ಯಾವುದೋ ಫಿಲ್ಟರ್ ಆನ್ ಆಗಿ ಉಳಿದಿತ್ತು, ತೆಗೆಯುವುದು ಹೇಗೆ ಅಂತ ಅವರಿಗೆ ಗೊತ್ತಿರಲಿಲ್ಲ. ಬೆಕ್ಕಿನ ಕಣ್ಣು ಗಾಬರಿಯಿಂದ ಆ ಕಡೆ ಈ ಕಡೆ ಓಡಾಡುತ್ತಿತ್ತು. ಕೊನೆಗೆ ಅವರು ನ್ಯಾಯಾಧೀಶರಿಗೆ ಹೇಳಿದರು, ನಾನು ಇಲ್ಲೇ ಇದ್ದೇನೆ, ನಾನು ಬೆಕ್ಕಲ್ಲ ಅಂತ. ಅದೂ ಏನು ಧ್ವನಿಯಲ್ಲಿ! ಪೂರ್ತಿ ವೃತ್ತಿಗೌರವದಿಂದ. ನನ್ನ ಜಟ್ಟಿಗೆ ಸರಿಯಾದ ಜೋಡಿ ಅಂದರೆ ಇವರೇ. ಬಿದ್ದು, ಮೀಸೆ ಬೆಕ್ಕಿನದಾದರೂ ಮಣ್ಣು ಅಂಟಲು ಬಿಡಲಿಲ್ಲ.

ಆದರೆ ಅವರನ್ನು ಲೋಕವೆಲ್ಲ ನೋಡಿತು. ನಮ್ಮನ್ನು ಯಾರು ನೋಡುತ್ತಾರೆ? ಇದನ್ನು ಅಳೆದು ನೋಡಿದವರೂ ಇದ್ದಾರೆ. ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೊವಿಚ್ ಮತ್ತು ಜೊತೆಗಾರರು ವಿದ್ಯಾರ್ಥಿಗಳಿಗೆ ಒಂದು ಟಿ-ಶರ್ಟ್ ತೊಡಿಸಿದರು. ಅದರ ಮೇಲೆ ಬ್ಯಾರಿ ಮ್ಯಾನಿಲೋ ಎಂಬ ಗಾಯಕರ ದೊಡ್ಡ ಚಿತ್ರ. ಆ ಕಾಲದ ಕಾಲೇಜು ಹುಡುಗರು ಹಾಕಿಕೊಳ್ಳಲು ನಾಚುವಂಥದ್ದು. ಅದನ್ನು ತೊಟ್ಟು, ಬೇರೆ ವಿದ್ಯಾರ್ಥಿಗಳು ಕೂತಿದ್ದ ಕೋಣೆಗೆ ಒಮ್ಮೆ ಹೋಗಿ ಬರಬೇಕು. ಹೊರಗೆ ಬಂದ ಮೇಲೆ ಪ್ರಶ್ನೆ: ಎಷ್ಟು ಜನ ಗಮನಿಸಿರಬಹುದು? ತೊಟ್ಟವರು ಹತ್ತಿರ ಹತ್ತಿರ ಅರ್ಧ ಜನ ಅಂದರು. ನಿಜಕ್ಕೂ ಗಮನಿಸಿದ್ದವರು ಅದರ ಅರ್ಧದಷ್ಟು ಮಾತ್ರ. 2000ದಲ್ಲಿ ಇದು ಪ್ರಕಟವಾದಾಗ ಸಂಕೋಚದ ಸ್ವಭಾವದವರೆಲ್ಲ ನಿಟ್ಟುಸಿರು ಬಿಟ್ಟಿರಬೇಕು. ನಮ್ಮ ಮೇಲೆ ಬೆಳಕು ಬಿದ್ದಿದೆ ಅಂತ ನಾವು ಅಂದುಕೊಂಡಷ್ಟು ಬಿದ್ದಿಲ್ಲ.

ಸಮಾಧಾನದ ಸುದ್ದಿ. ಆದರೆ ಪೂರ್ತಿ ಓದಿದರೆ ಸ್ವಲ್ಪ ಅವಮಾನದ ಸುದ್ದಿಯೂ ಹೌದು. ಅದೇ ಅಧ್ಯಯನದಲ್ಲಿ ಇನ್ನೊಂದು ಗುಂಪಿಗೆ ಹೆಮ್ಮೆಯಿಂದ ತೊಡುವಂಥ ಟಿ-ಶರ್ಟ್ ಕೊಟ್ಟಿದ್ದರು. ಬಾಬ್ ಮಾರ್ಲಿ, ಮಾರ್ಟಿನ್ ಲೂಥರ್ ಕಿಂಗ್ ಅಂಥವರ ಚಿತ್ರವಿದ್ದದ್ದು. ಇವರೂ ಅರ್ಧ ಜನ ನೋಡಿರುತ್ತಾರೆ ಅಂದುಕೊಂಡರು. ನೋಡಿದವರು ಹತ್ತರಲ್ಲಿ ಒಬ್ಬರೂ ಇರಲಿಲ್ಲ! ಹೊಸ ಹೇರ್‌ಕಟ್ ಮಾಡಿಸಿಕೊಂಡು ಬಂದವರಿಗೆ ಇದಕ್ಕೆ ಪುರಾವೆ ಬೇಕಾಗಿಲ್ಲ. ಎಡವಿದಾಗ ಕಿಕ್ಕಿರಿದು ತುಂಬಿದ್ದ ಆ ಪ್ರೇಕ್ಷಕರು ಹೇರ್‌ಕಟ್‌ನ ದಿನ ಎಲ್ಲಿ ಹಾಳಾಗಿ ಹೋಗಿರುತ್ತಾರೋ. ಬೆಳಗಿಂದ ತಲೆಯನ್ನು ಆ ಕೋನ ಈ ಕೋನ ತಿರುಗಿಸಿ, ಕುತ್ತಿಗೆ ಉಳುಕಿಸಿಕೊಂಡು, ಸಂಜೆಗೆ ಯಾರೋ ಒಬ್ಬರು ದಿಟ್ಟಿಸಿ ನೋಡಿ, 'ಏನೋ ಬದಲಾಗಿದೆಯಲ್ಲ... ಜ್ವರ ಏನಾದರೂ ಬಂದಿತ್ತಾ?' ಅನ್ನುತ್ತಾರೆ.

ಎಡವುವುದರಿಂದ ಲಾಭವೂ ಇದೆ ಅಂತ ಹೇಳುವ ಪ್ರಯೋಗವೊಂದಿದೆ, ಅದರ ಕೊನೆ ನನಗೆ ಬಹಳ ಇಷ್ಟ. 1966ರಲ್ಲಿ ಎಲಿಯಟ್ ಆರನ್‌ಸನ್ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಗೆ ಕ್ವಿಜ್ ಸ್ಪರ್ಧಿಯೊಬ್ಬನ ಧ್ವನಿಮುದ್ರಣ ಕೇಳಿಸಿದರು. ಆಸಾಮಿ ಮಹಾ ಜಾಣ, ಕಷ್ಟದ ಪ್ರಶ್ನೆಗಳಲ್ಲಿ ಶೇಕಡಾ 92ಕ್ಕೆ ಸರಿಯುತ್ತರ. ಕೊನೆಯಲ್ಲಿ ಗಡಬಡ ಸದ್ದು, ಹೊಸ ಸೂಟಿನ ಮೇಲೆ ಕಾಫಿ ಚೆಲ್ಲಿಕೊಂಡೆ ಎಂಬ ಗೋಳು. ಚೆಲ್ಲಿಕೊಂಡ ಮೇಲೆ ಅವನು ಕೇಳುವವರಿಗೆ ಇನ್ನೂ ಇಷ್ಟವಾದ. ಅಬ್ಬಾ, ಹಾಗಾದರೆ ಧಾರಾಳವಾಗಿ ಚೆಲ್ಲಬಹುದು ಅಂತ ಏಳುವ ಮೊದಲು ಉಳಿದರ್ಧ ಕೇಳಬೇಕು. ಶೇಕಡಾ 30 ಮಾತ್ರ ಸರಿ ಹೇಳಿದ ಇನ್ನೊಬ್ಬನೂ ಹಾಗೇ ಚೆಲ್ಲಿಕೊಂಡ. ಅವನು ಮೊದಲಿಗಿಂತ ಕಡಿಮೆ ಇಷ್ಟವಾದ. ಅಂದರೆ ಕಾಫಿ ಚೆಲ್ಲುವುದಕ್ಕೂ ಅರ್ಹತೆ ಬೇಕು. ನಮ್ಮಂಥ ಶೇಕಡಾ ಮೂವತ್ತರ ಆಸುಪಾಸಿನವರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುವುದೇ ಕ್ಷೇಮ.

ಅದೇನೇ ಇರಲಿ, ಇಷ್ಟೆಲ್ಲ ಮುಚ್ಚಿಡಲು ಒದ್ದಾಡುವ ಇದೇ ಹುಡುಗ ಹುಡುಗಿಯರು ಸಂಜೆ ಗೆಳೆಯರ ಜೊತೆ ಸೇರಿದ ಕೂಡಲೇ ಎಲ್ಲವನ್ನೂ ತಾವೇ ಬಿಚ್ಚಿಡುತ್ತಾರೆ. ಬೆಳಗ್ಗೆ ಒಬ್ಬ ಅಪರಿಚಿತ ನೋಡಿದ್ದಕ್ಕೆ ನೆಲ ಬಾಯಿ ಬಿಡಬಾರದೇ ಅನಿಸಿತ್ತು. ಸಂಜೆ ಅದನ್ನೇ ಎಂಟು ಜನರ ಮುಂದೆ ಎದ್ದು ನಿಂತು, ಅಭಿನಯ ಸಮೇತ, ಇಲ್ಲದ್ದನ್ನೂ ಸೇರಿಸಿ ಹೇಳುತ್ತಾರೆ. ಯಾರೂ ನೋಡಿರದಿದ್ದರೆ ಒಬ್ಬ ಸಾಕ್ಷಿಯನ್ನು ಸೃಷ್ಟಿ ಮಾಡಿಕೊಳ್ಳುತ್ತಾರೆ. ಕಾರಿನ ಗಾಜಿನ ಗೆಳೆಯ ಈಗ ಆ ಕಥೆ ಹೇಳುವುದನ್ನು ಕೇಳಬೇಕು. ಒಳಗಿದ್ದ ಹಿರಿಯರ ಜೊತೆ ಹಿಂದಿನ ಸೀಟಿನಲ್ಲಿ ಇಡೀ ಸಂಸಾರ ಬಂದು ಕೂತಿದೆ, ಒಂದು ಮಗು ಚಪ್ಪಾಳೆ ತಟ್ಟುತ್ತದೆ. ನಾನು ಅಲ್ಲೇ ಇದ್ದೆ. ಮಗು ಇರಲಿಲ್ಲ. ಆದರೆ ಮಗು ಬಂದ ಮೇಲೆ ಕಥೆ ಚೆನ್ನಾಗಿದೆ, ಅದಕ್ಕೇ ಸುಮ್ಮನಿದ್ದೇನೆ.

ನಗುವನ್ನೇ ಬೆನ್ನು ಹತ್ತಿದ್ದ ರಾಬರ್ಟ್ ಪ್ರೊವೈನ್ ಎಂಬ ಅಮೆರಿಕದ ವಿಜ್ಞಾನಿ ಇಂಥ ಗುಂಪುಗಳ ಆಸುಪಾಸಿನಲ್ಲಿ ತಮ್ಮ ವಿದ್ಯಾರ್ಥಿಗಳನ್ನು ನಿಲ್ಲಿಸಿ ಸುಮಾರು 1,200 ನಗುಗಳನ್ನು ಬರೆದಿಡಿಸಿದರು. ಯಾರು ನಕ್ಕರು, ಅದಕ್ಕೆ ಸ್ವಲ್ಪ ಮೊದಲು ಯಾರು ಏನು ಹೇಳಿದ್ದರು. ನೋಡಿದರೆ ನಿಜವಾಗಿ ನಗೆ ಬರುವಂಥ ಮಾತು ನೂರಕ್ಕೆ ಇಪ್ಪತ್ತೂ ಇಲ್ಲ. ಉಳಿದದ್ದೆಲ್ಲ ಆಮೇಲೆ ಸಿಗೋಣ, ಸರಿ ಹೊರಡ್ತೀನಿ ಎಂಬ ಜಾತಿಯ ಸಪ್ಪೆ ಮಾತು. ಒಬ್ಬರೇ ಇದ್ದಾಗಿಗಿಂತ ಜೊತೆಯಲ್ಲಿದ್ದಾಗ ನಾವು ಮೂವತ್ತು ಪಟ್ಟು ಜಾಸ್ತಿ ನಗುತ್ತೇವೆ ಎಂಬುದೂ ಅವರ ಲೆಕ್ಕವೇ. ಕಷ್ಟಪಟ್ಟು ಜೋಕು ಬಾಯಿಪಾಠ ಮಾಡುವವರು ಇದನ್ನು ಓದಿದರೆ ಬೇಜಾರು ಮಾಡಿಕೊಂಡಾರು.

ನಮ್ಮ ಗುಂಪಿನಲ್ಲಿ ಒಬ್ಬಳಿದ್ದಾಳೆ. ಕಥೆ ಹೇಳಲು ಶುರು ಮಾಡುತ್ತಾಳೆ, 'ಇವತ್ತು ಏನಾಯ್ತು ಗೊತ್ತಾ' ಅನ್ನುತ್ತಾಳೆ, ಅಷ್ಟಕ್ಕೇ ಅವಳಿಗೆ ನಗು ಬರುತ್ತದೆ. ತಡೆದುಕೊಂಡು 'ನಾನು ಮೆಟ್ಟಿಲು...' ಅನ್ನುತ್ತಾಳೆ. ಮುಂದೆ ಹೋಗುವುದಿಲ್ಲ. ಹೊಟ್ಟೆ ಹಿಡಿದುಕೊಂಡು ಬಗ್ಗುತ್ತಾಳೆ. ಅವಳನ್ನು ನೋಡಿ ಪಕ್ಕದವನಿಗೆ ಶುರುವಾಗುತ್ತದೆ, ಅವನನ್ನು ನೋಡಿ ಉಳಿದವರಿಗೆ. ಯಾರಿಗೂ ವಿಷಯ ಗೊತ್ತಿಲ್ಲ. ಒಬ್ಬರು ಕಣ್ಣೊರೆಸಿಕೊಳ್ಳುತ್ತಾರೆ, ಒಬ್ಬರಿಗೆ ಕೆಮ್ಮು ಹತ್ತುತ್ತದೆ. 'ಸಾಕು, ಹೇಳೇ!' ಅಂತ ಯಾರೋ ಗದರುತ್ತಾರೆ, ಗದರಿದವರೂ ನಗುತ್ತಾರೆ. ಬಹಳ ಹೊತ್ತಾದ ಮೇಲೆ ಎಲ್ಲ ತಣ್ಣಗಾಗುತ್ತದೆ. ಅವಳು ಮುಖ ಒರೆಸಿಕೊಂಡು, ನೀರು ಕುಡಿದು, ಸರಿಯಾಗಿ ಕೂತು ಹೇಳುತ್ತಾಳೆ: 'ಮೆಟ್ಟಿಲು ಮುಗಿದೇ ಹೋಗಿತ್ತು. ಇನ್ನೊಂದು ಇದೆ ಅಂದುಕೊಂಡು ಕಾಲೆತ್ತಿ ಇಟ್ಟೆ.'

'ಆಮೇಲೆ?'

'ಆಮೇಲೇನಿಲ್ಲ. ಅಷ್ಟೇ.'

ಯಾರೂ ನಗುವುದಿಲ್ಲ. ಮೂಲೆಯಲ್ಲಿದ್ದವನು ನಿಧಾನಕ್ಕೆ ಕೇಳುತ್ತಾನೆ, 'ಯಾರಾದ್ರೂ ನೋಡಿದ್ರಾ?'

'ಇಲ್ಲಪ್ಪ. ಅದಕ್ಕೇ ತಾನೇ ನಿಮಗೆ ಹೇಳ್ತಾ ಇರೋದು!'